ಏಳನೇ ಚೌಕ

ಎರಡು ಸಾಲಿನ ನಡುವೆ ಒಂದು ಸಾಲಿನ ಬಯಲು ಬಿಡಬೇಕಂತೆ,
ಎಡದಂಚಿಗೆ ಪ್ರತಿ ಸಾಲಿಗೂ ಅಂಕಿ ಬೀಳಬೇಕಂತೆ,
ಸಾರಾಂಶ ಇನ್ನೂರೈವತ್ತು ಪದ ದಾಟಕೂಡದಂತೆ.
ಮೂರು ವರ್ಷದ ಜೋಗಿಮಟ್ಟಿ
ಇನ್ನೂರೈವತ್ತು ಪದ.
ಎಣಿಸಿದೆ, ಮುನ್ನೂರ ಹನ್ನೆರಡಿತ್ತು.
ಗಾಳಿಯನ್ನು ತೆಗೆದೆ. ಕಲ್ಲಿನ ಬಣ್ಣ ತೆಗೆದೆ.
‘ಬಹುಶಃ’ ಎಂಟು ಕಡೆ ಇತ್ತು, ಐದು ಕಿತ್ತೆ,
ಉಳಿದ ಮೂರಕ್ಕೆ ಕೈ ಬರಲಿಲ್ಲ.

ಮೆದೇಹಳ್ಳಿ ರಸ್ತೆಯ ಈ ಮಹಡಿ ಕೋಣೆಯ ಕೆಳಗೆ
ಹಿಟ್ಟಿನ ಗಿರಣಿ. ಹಗಲೆಲ್ಲ ರಾಗಿ ಬೀಸಿ ಬೀಸಿ
ನನ್ನ ಕೀಬೋರ್ಡಿನ ಸಂದಿಯಲ್ಲೂ ಹಿಟ್ಟು.
ಅದು ನಿಂತ ಮೇಲೆ ನಾನು ಶುರು.
ಕಿಟಕಿಯಾಚೆ ಗುಡ್ಡದ ನೆತ್ತಿಯಲ್ಲಿ
ಗಾಳಿಯಂತ್ರದ ಕೆಂಪು ದೀಪ ಹತ್ತಿ ಆರುತ್ತದೆ
ಪರದೆಯ ಮೇಲಿನ ಕರ್ಸರಿನ ಹಾಗೆ,
ಅಲ್ಲೂ ಯಾರೋ ಮುಂದಿನ ಪದಕ್ಕೆ ತಡಕುವಂತೆ.

ವಿಧಾನದ ಭಾಗದಲ್ಲಿ ಮನುಷ್ಯರು ಇರುವುದಿಲ್ಲ.
ಸಸಿಗಳನ್ನು ಗುರುತಿಸಲಾಯಿತು.
ಎತ್ತರವನ್ನು ಅಳೆಯಲಾಯಿತು.
ಇಂಗ್ಲಿಷಿನಲ್ಲಿ ಅದು ಸಭ್ಯತೆ;
ನಮ್ಮ ಮಾತಿನಲ್ಲಿ ಯಾರು ಹಾಗೆ ಆಡುತ್ತಾರೆ?
ರೊಟ್ಟಿ ತಿನ್ನಲಾಯಿತು, ಮುಳ್ಳು ತುಳಿಯಲಾಯಿತು,
ಅಯ್ಯೋ ಎನ್ನಲಾಯಿತು?
ಅಳೆದದ್ದು ಬೋಸಯ್ಯ, ಕಾವಲಿನವನು.
ಕಾರೆ ಮುಳ್ಳಿನೊಳಗೆ ಮೊಣಕೈವರೆಗೆ ತೂರಿ
“ಬರ್ಕಳವ್ವ, ಹದಿನಾಲ್ಕೂವರೆ” ಅಂದದ್ದು ಅವನು,
ಬೆವರಿಗೆ ಪೆನ್ನು ಜಾರಿ ಆ ಅರೆಯನ್ನು ಬೀಳಿಸಿ
ಮತ್ತೆ ಕೇಳಿದ್ದು ನಾನು.

ಕಮರದ ಎಲೆ ನಡುವೆ ಸೀಳಿದ್ದು,
ಮರಿಯ ಗೊರಸಿನ ಅಚ್ಚಿನ ಹಾಗೆ.
ಆ ಹೆಸರಿಗೆ ಇಲ್ಲಿ ಜಾಗವಿಲ್ಲ.
ಲ್ಯಾಟಿನ್ ಹೆಸರಿರಬೇಕು, ಓರೆ ಅಕ್ಷರದಲ್ಲಿ.
ಓರೆ ಮಾಡಿದೆ. ಮೇ ತಿಂಗಳ ಗಾಳಿಗೆ
ನಿಜವಾದ ಸಸಿಯೂ ಹೀಗೇ ಓರೆ.

ಮೂರನೇ ಚಿತ್ರದಲ್ಲಿ ಕಂಬಗಳು.
ಚೌಕಕ್ಕೆ ಮೂವತ್ತಾರು ಸಸಿ; ಬೇಲಿ ಇಲ್ಲ, ನೀರಿಲ್ಲ,
ಕಾಡು ಹೇಗಿದೆಯೋ ಹಾಗೆ.
ಉಳಿದದ್ದು ನಾಲ್ಕು, ಆರು, ನಾಲ್ಕು, ಐದು, ಮೂರು, ಆರು.
ಏಳನೇ ಚೌಕದಲ್ಲಿ ಮೂವತ್ತೊಂದು.
ಅದೊಂದಕ್ಕೇ ಎರಡು ಪುಟ ಬರೆದಿದ್ದೆ:
ಬಂಡೆಯ ನೆರಳು, ಇಳಿಜಾರಿನ ಮುಖ, ಮಣ್ಣಿನ ತೇವ,
ಹದಿನೇಳು ಉಲ್ಲೇಖ.
“ಇದೇ ನಿನ್ನ ಪೇಪರು” ಅಂದಿದ್ದರು ನುಂಕೇಶ್ ಸರ್.

ಕೃತಜ್ಞತೆಗೆ ಪೂರ್ತಿ ಹೆಸರು ಬೇಕೆಂದು
ನಿನ್ನೆ ಬೋಸಯ್ಯನಿಗೆ ಫೋನು ಮಾಡಿದೆ.
“ನನ್ನ ಹೆಸರ್ಯಾಕವ್ವ”
ಅಂದವನು ಸುಮ್ಮನಾದ. ಹಿಂದೆ ಕುಕ್ಕರು ಕೂಗಿತು.
“ಬೈಬ್ಯಾಡ. ಆ ಏಳನೇದಕ್ಕೆ ಎರಡು ಬ್ಯಾಸಗಿ ನೀರು ಹಾಕಿದೀನಿ.
ದಿನಾ ಹೋಗೋ ದಾರಿ ಅದು.
ಬಾಟ್ಲಿ ಕೈಯಾಗೈತೆ, ಅವು ಕಣ್ಮುಂದೆ ಒಣಗ್ತಾವೆ,
ನೋಡ್ಕಂತ ಹೆಂಗೆ ಹೋಗ್ಲಿ?”

ಎರಡು ಪುಟ ಅಳಿಸಿದೆ.
ನೆರಳು ಹೋಯಿತು, ತೇವ ಹೋಯಿತು,
ಕೋಷ್ಟಕದ ನಕ್ಷತ್ರದ ಗುರುತು ಉದುರಿತು,
ಚಿತ್ರದಲ್ಲಿ ಗಿಡ್ಡ ಕಂಬಗಳು ಮಾತ್ರ
ಕಡಿದ ಕಾಡಿನ ಬೊಡ್ಡೆಗಳಂತೆ.
ಸರ್ ಅರ್ಧ ನಿಮಿಷ ಮಾತಾಡಲಿಲ್ಲ. ಆಮೇಲೆ,
“ಏಳನ್ನು ಬಿಡು. ಯಾಕೆ ಬಿಟ್ಟೆ ಅಂತ ಒಂದು ಸಾಲು ಬರಿ.
ಸುಳ್ಳು ಬೇಡ.”

ಒಂದು ಸಾಲು. ರಾತ್ರಿ ಎರಡಾಯಿತು.
ಹೆಸರು ಬರೆದರೆ ನಾಳೆ ರೇಂಜ್ ಆಫೀಸಿನಲ್ಲಿ
ಯಾರಾದರೂ ಓದಿ ಅವನನ್ನು ಕರೆಸಬಹುದು;
ಹೇಳಿದ್ದನ್ನು ಮೀರಿದ ದಿನಗೂಲಿಯವನು.
ಕೊನೆಗೆ ಹೀಗೆ ಬರೆದೆ:
ಏಳನೇ ಚೌಕಕ್ಕೆ ಬೇಸಿಗೆಯಲ್ಲಿ ನೀರು ಹಾಕಲಾಗಿತ್ತು,
ಆದ್ದರಿಂದ ಅದನ್ನು ಲೆಕ್ಕದಿಂದ ಕೈಬಿಡಲಾಗಿದೆ.
ಯಾರು ಹಾಕಿದ್ದು ಎಂದು ಆ ವಾಕ್ಯ ಕೇಳುವುದಿಲ್ಲ.
ಇಷ್ಟು ದಿನ ಬೈದ ಆ ಕರ್ತನಿಲ್ಲದ ವ್ಯಾಕರಣ
ಅವನ ಸುತ್ತ ಕಾರೆ ಬೇಲಿಯಂತೆ ನಿಂತಿತು.
ಸಾಲಿನ ಅಂಕಿ ಇನ್ನೂರ ಹನ್ನೊಂದು.

ಕೆಳಗೆ ಗಿರಣಿಯವ ಷಟರ್ ಎತ್ತುವ ಹೊತ್ತಿಗೆ
ಕಳಿಸು ಎಂಬ ಗುಂಡಿ ಒತ್ತಿದೆ.
ಕಡತ ದೊಡ್ಡದಾಯಿತು ಎಂದಿತು. ಚಿತ್ರ ಕುಗ್ಗಿಸಿ ಮತ್ತೆ ಒತ್ತಿದೆ.
ಸುಮ್ಮನೆ ಒಪ್ಪಿಕೊಂಡಿತು.

ಮುಖ ತೊಳೆದು ಎರಡು ಬಾಟಲಿ ಹೆಚ್ಚೇ ತುಂಬಿಸಿಕೊಂಡೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ ಈಗ ಆ ಮೂವತ್ತೊಂದು;
ನೀರು ಹಾಕಿದರೆ
ಇನ್ನು ಯಾರೂ ಕೇಳುವಂತಿಲ್ಲ.